ಮೂರನೆಯ ಕನ್ನಡಕ

"ಅಸಲಿ ಮಾಲ್ ಅದ, ನೋಡ್ರಿ ಸರ್" ಎನ್ನುತ್ತ ಯಾದಗಿರಿ ಬಸ್ ನಿಲ್ದಾಣದಲ್ಲಿ ತಂಪು ಕನ್ನಡಕ ಮಾರುವ ಹೆಂಗಸು ಒಂದರ ಮೇಲೆ ಇನ್ನೊಂದನ್ನು ಅಡ್ಡಲಾಗಿ ಹಿಡಿದಳು. ಎರಡೂ ಸೇರಿದ ಕಡೆ ಗಾಜು ಪೂರ್ತಿ ಕಪ್ಪಾಯಿತು. ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನಷ್ಟೇ ಒಳಬಿಡುವ ಪೋಲರೈಸ್ಡ್ ಗಾಜಿನ ಗುರುತೇ ಅದು.

"ನನಗ ಕಲಿಸ್ತಿ ಏನು? ನಾ ಬೆಳಕಿನ ಕಣದ ಮ್ಯಾಲೇ ಸಂಶೋಧನೆ ಮಾಡಾಂವ. ನಿನಗ ಅದೆಲ್ಲ ತಿಳಿಯಂಗಿಲ್ಲ ಬಿಡು" ಎಂದೆ.

ಆಕೆ ಸಿಟ್ಟಾಗಲಿಲ್ಲ. ಕಣ್ಣರಳಿಸಿ, ಆ ಎರಡರ ನಡುವೆ ಮೂರನೆಯ ಕನ್ನಡಕವನ್ನು ಓರೆಯಾಗಿ ತೂರಿಸಿದಳು. ಕಪ್ಪಾಗಿದ್ದಲ್ಲಿ ಬೆಳಕು ಮರಳಿ ಬಂತು.

"ಎರಡಕ್ಕ ನಿಂತ ಬೆಳಕು ನಡುವ ಇನ್ನೊಂದು ಇಟ್ರ ಹ್ಯಾಂಗ ಬರ್ತದ್ರಿ? ಭಾಳ ಮಂದಿಗಿ ಕೇಳೀನ್ರಿ, ಯಾರೂ ಹೇಳಿಲ್ಲ. ನೀವರೆ ಹೇಳ್ರಿ."

ಪ್ರಯೋಗಾಲಯದಲ್ಲಿ ನನ್ನ ದಿನನಿತ್ಯದ ಕೆಲಸದ ಬುಡವೇ ಆ ಪ್ರಶ್ನೆ. ಇಂಗ್ಲಿಷಿನಲ್ಲಿ ಅದರ ಬಗ್ಗೆ ಪ್ರಬಂಧ ಬರೆದವನು ನಾನು. ಆಕೆಗೆ ತಿಳಿಯುವ ಮಾತಿನಲ್ಲಿ ಹೇಳಹೊರಟರೆ ನಾಲಿಗೆಗೆ ಬಂದದ್ದೆಲ್ಲ ಆ ಪ್ರಬಂಧದ ಇಂಗ್ಲಿಷೇ. "ಬಸ್ ಬಂತು" ಎಂದು ಎದುರಿಗೆ ನಿಂತಿದ್ದ ಬಸ್ಸನ್ನು ಹತ್ತಿಬಿಟ್ಟೆ.

ಈಗಲೂ ಪ್ರಯೋಗಕ್ಕೆಂದು ಗಾಜು ತಿರುಗಿಸುವಾಗ, ಆಕೆ ಮೂರು ಕನ್ನಡಕ ಹಿಡಿದು ಕಾಯುತ್ತಿದ್ದಾಳೆ ಅನಿಸಿ ತಲೆ ತಗ್ಗುತ್ತದೆ. ಅಂದು ನಾನು ಹೋಗಬೇಕಿದ್ದುದು ಸುರಪುರಕ್ಕೆ. ಹತ್ತಿದ್ದು ವಿರುದ್ಧ ದಿಕ್ಕಿನ ಗುರುಮಠಕಲ್ ಬಸ್ಸು.