ದೃಷ್ಟಿಗೆ ಇಂಗ್ಲಿಷ್ ಬರುತ್ತದೆಯೇ?

ಬೆಳಿಗ್ಗೆ ಬೇಳೆಯನ್ನು ಒಲೆಯ ಮೇಲಿಟ್ಟು ಕೂತಿದ್ದೆ, ಫೋನು ಟಿಣ್ ಎಂದಿತು. ತಮ್ಮನ ಮಗಳು ತನ್ನ ಸೀಮಂತಕ್ಕೆ ಇಲ್ಲಿಗೇ, ಕಾಶಿಗೇ ಬರುತ್ತಾಳಂತೆ. ಕೊನೆಯಲ್ಲಿ ಇಂಗ್ಲಿಷಿನಲ್ಲಿ "ಕಾಂಟ್ ವೇಟ್, ಅತ್ತೆ!" ಎಂದಿತ್ತು. ಓದಿ ಮುಗಿಸುವುದರೊಳಗೆ ನನ್ನ ಎರಡೂ ಕೈ ತಾವಾಗಿಯೇ ಕಿವಿಯ ಪಕ್ಕಕ್ಕೆ ಹೋಗಿ ಲಟಲಟನೆ ನೆಟಿಗೆ ಮುರಿದವು. ಫೋನಿಗೆ ದೃಷ್ಟಿ ತೆಗೆದವಳು ಈ ಗಲ್ಲಿಯಲ್ಲಿ ನಾನೊಬ್ಬಳೇ ಇರಬೇಕು. ನಗಬೇಡಿ. ಈ ಅಭ್ಯಾಸ ನನಗೆ ಬಂದದ್ದು ನೀಲವ್ವಜ್ಜಿಯಿಂದ.

ಎಪ್ಪತ್ತರ ದಶಕದ ಮಾತು. ಅಪ್ಪ ಇಲ್ಲಿಯ ಮಠವೊಂದರಲ್ಲಿ ಉಗ್ರಾಣ ನೋಡಿಕೊಳ್ಳುತ್ತಿದ್ದರು. ನಮ್ಮ ಮನೆ ಶಿವಾಲ ಘಾಟಿನ ಬಳಿ. ನಾನು ಬಿ.ಎ. ಓದುತ್ತಿದ್ದೆ. ಜಗಳಕ್ಕೂ ಲೆಕ್ಕಕ್ಕೂ ಹಿಂದಿ. ಕನ್ನಡವನ್ನು ರೇಷ್ಮೆ ಸೀರೆಯಂತೆ ಹಬ್ಬಕ್ಕೆ ಮಾತ್ರ ಹೊರತೆಗೆಯುತ್ತಿದ್ದೆ. ಮಠದ ಅಡುಗೆಮನೆಯ ಹಿಂದೆ ಅಕ್ಕಿ ಆರಿಸುತ್ತ ಕೂರುತ್ತಿದ್ದ ಹಾವೇರಿ ಕಡೆಯ ನೀಲವ್ವಜ್ಜಿ ನನ್ನ ಕನ್ನಡದ ಕಲ್ಲನ್ನೂ ಆರಿಸಿದಳು. "ಚಾವಲ್ ಚಾವಲ್ ಅಂತೀಯಲ್ಲ, ಅಕ್ಕಿ ಅಂದ್ರ ನಾಲಿಗಿ ಸುಡತೈತೇನು?"

ಅಜ್ಜಿ ಬಂದದ್ದು ಕಾಶಿಯಲ್ಲೇ ಕಣ್ಣು ಮುಚ್ಚಬೇಕೆಂದು. ಗಂಗೆ ದಾಟಿ ಆಚೆ ಹೋಗುವುದಿಲ್ಲವೆಂಬ ವ್ರತ ಬೇರೆ. ಒಬ್ಬಳೇ ಮಗಳು ಶಾಂತವ್ವ, ತಾಯಿ ಹೊರಟಾಗ "ಸಾಯಾಕ ಕಾಶಿ ಬೇಕು, ಬದುಕಾಕ ನನ್ನ ಮನಿ ಸಾಲೂದಿಲ್ಲೇನು?" ಎಂದು ಕೇಳಿ ಒಳಗೆ ಹೋದವಳು, ಆರು ವರ್ಷ ಒಂದೂ ಕಾಗದ ಹಾಕಿರಲಿಲ್ಲ. ಆ ಚಳಿಗಾಲದ ಕೊನೆಗೆ ಕಾಗದ ಬಂತು: ಶಿವರಾತ್ರಿ ಕಳೆದ ಮೇಲಿನ ಮಂಗಳವಾರ ಬರುತ್ತೇನೆ. ಓದಿ ಹೇಳಿದವಳು ನಾನೇ.

"ನೋಡೂಣು, ವಿಶ್ವನಾಥ ಏನ್ ಮಾಡತಾನೋ" ಎಂದು ಅಜ್ಜಿ ಮೊರದ ಕಡೆ ತಿರುಗಿದಳು. ಕೈ ಮಾತ್ರ ಕಲ್ಲನ್ನು ಉಳಿಸಿಕೊಂಡು ಅಕ್ಕಿಯನ್ನು ಎಸೆಯುತ್ತಿತ್ತು.

"ಖುಷಿಯಾಗಿದೆ ಅಂತ ಹೇಳಬಾರದೇನಜ್ಜಿ?"

"ಮುಂದ ಬರೂ ಸುಖಾನ ಬಾಯಿಬಿಟ್ಟು ಹೇಳಬಾರದು, ಕೂಸ. ದೃಷ್ಟಿ ಆಗತೈತಿ."

ದೃಷ್ಟಿ ಸಾಲದೆಂಬಂತೆ ತುಂಗವ್ವನೂ ಇದ್ದಳು. ಅವಳೂ ಕಾಶಿವಾಸಕ್ಕೆ ಬಂದವಳೇ. "ಮೋಕ್ಷಕ್ಕ ಬಂದಾಕಿಗೆ ಮಗಳ ಹುಚ್ಚು ಯಾಕವ್ವಾ?" ಎಂದು ಕಂಬದ ಆಚೆಯಿಂದಲೇ ಚುಚ್ಚುತ್ತಿದ್ದಳು.

ನನ್ನ ಚೀಲದಲ್ಲಿ ಹಳೆಯದೊಂದು ಇಂಗ್ಲಿಷ್ ಸಂಭಾಷಣೆಯ ಕೈಪಿಡಿ ಇತ್ತು. "ಹಾಗಾದರೆ ಇಂಗ್ಲಿಷಿನಲ್ಲಿ ಹೇಳು" ಎಂದೆ, ತಮಾಷೆಗೆ.

ಅಜ್ಜಿ ಯೋಚಿಸಿದಳು. "ದೃಷ್ಟಿಗೆ ಇಂಗ್ಲೀಷ್ ಬರತೈತೇನು?"

"ಬರಲಿಕ್ಕಿಲ್ಲ."

"ಹಂಗಾರ ಕಲಸು."

ಹೀಗೆ ನಮ್ಮ ಶಾಲೆ ತೆರೆಯಿತು. 'ಐ ಕಾಂಟ್ ವೇಟ್' ಒಂದೇ ದಿನಕ್ಕೆ ಬಂತು. 'ಲುಕಿಂಗ್ ಫಾರ್ವರ್ಡ್' ಹಲ್ಲಿಲ್ಲದ ಬಾಯಲ್ಲಿ ಮೂರು ದಿನ ಹೊರಳಿತು. 'ಐ ಆಮ್ ಕೌಂಟಿಂಗ್ ದ ಡೇಸ್' ಎಂಬುದರ ಅರ್ಥ ಹೇಳಿದಾಗ ಅಜ್ಜಿ ಸೆರಗು ಕಚ್ಚಿ ನಕ್ಕಳು: "ಅವರು ಖುಷೀಗೆ ದಿನಾ ಎಣಸತಾರ? ನಾವಿಲ್ಲಿ ಬ್ಯಾರೇದಕ್ಕ ಎಣಸಾಕತ್ತೇವಿ!" ಕೇದಾರಘಾಟಿನಲ್ಲಿ ಮುಳುಗು ಹಾಕುವಾಗಲೂ ಒಂದೊಂದು ಮುಳುಗಿಗೆ ಒಂದೊಂದು ವಾಕ್ಯ. ಪಕ್ಕದಲ್ಲಿದ್ದ ಘಾಟಿನ ಪುರೋಹಿತ, ಪಂಡಾ, ಇದು ಯಾವ ಮಂತ್ರವೆಂದು ಬೆರಗಾಗಿ ಕೇಳಿದ: "ಮಾತಾಜೀ, ಈ ಕವನ್ ಮಂತರ್ ಹ?"

ಸೋಮವಾರ ನಾನು ತಡೆದುಕೊಳ್ಳಲಾರದೆ ಹೋದೆ. ತುಂಬಿದ ಅಡುಗೆಮನೆಯಲ್ಲಿ, ಅದೂ ನನ್ನ ಅರೆಬರೆ ಕನ್ನಡದಲ್ಲಿ ಕೂಗಿಬಿಟ್ಟೆ: "ಅಜ್ಜೀ, ಕಲ್ ಮಂಗಳವಾರ! ನಿನ್ನ ಮಗಳು ಪಕ್ಕಾ ಬರತಾಳ!" ಅಜ್ಜಿಯ ಕೈ ಮೊರದಲ್ಲೇ ನಿಂತಿತು.

ಮಂಗಳವಾರ ಅಪ್ಪ ಗಂಗೆಯ ಆಚೆಯ ಮೊಗಲ್‌ಸರಾಯ್ ಸ್ಟೇಷನ್ನಿಗೆ ಹೋಗಿ ಒಬ್ಬರೇ ಮರಳಿದರು. ಬುಧವಾರವೂ ಒಬ್ಬರೇ. ಗುರುವಾರ ನಾನು ಅಜ್ಜಿಯ ಮುಂದೆ ಕೂತು ಅತ್ತೆ.

"ಅಳಬ್ಯಾಡ" ಎಂದು ಅಜ್ಜಿ ನನ್ನ ಮೂಗನ್ನು ತನ್ನ ಸೆರಗಿನಿಂದಲೇ ಒರೆಸಿದಳು. "ನಿನ್ನ ಕನ್ನಡ ಇನ್ನೂ ಕಚ್ಚಾ ಐತಿ. ದೃಷ್ಟಿಗೆ ಅರ್ಧಾನೂ ತಿಳದಿರಾಕಿಲ್ಲ."

ಹಾಗೆಂದವಳು, ಅಂದಿನಿಂದ ಇಂಗ್ಲಿಷನ್ನೂ ನಿಲ್ಲಿಸಿಬಿಟ್ಟಳು.

ಶನಿವಾರ ಮಠದ ಬಾಗಿಲಿಗೆ ಸೈಕಲ್ ರಿಕ್ಷಾ ಬಂದು ನಿಂತಿತು. ಶಾಂತವ್ವ, ಹೆಗಲ ಮೇಲೆ ನಿದ್ದೆಹೋದ ಮಗು. ದಾರಿಯಲ್ಲಿ ಅದಕ್ಕೆ ಜ್ವರ ಬಂದು, ನಡುವೆ ಇಳಿದು, ಧರ್ಮಶಾಲೆಯೊಂದರಲ್ಲಿ ನಾಲ್ಕು ದಿನ ಉಳಿದಿದ್ದಳಂತೆ. ಇದನ್ನು ಅವಳು ಹೇಳಿದ್ದು ನನಗೆ, ತಾಯಿಗಲ್ಲ. ಆಮೇಲೆ ಮಗುವನ್ನು ನನ್ನ ಕೈಗೆ ಕೊಟ್ಟು, ಮೊರದ ಆಚೆ ಬದಿಗೆ ಕೂತು ಅಕ್ಕಿ ಆರಿಸತೊಡಗಿದಳು.

ಎಂಟು ದಿನ ಇದ್ದಳು. ಹೊರಟಾಗ ರಿಕ್ಷಾದಲ್ಲಿ ಕೂತು, "ದಸರಾಕ್ಕ ಮತ್ತ ಬರತೀನಿ, ಯವ್ವಾ" ಎಂದಳು. ಇನ್ನು 'ನೋಡೂಣು' ಬರುತ್ತದೆ ಎಂದು ನಾನು ಕಾದೆ. ಅಜ್ಜಿ ರಿಕ್ಷಾದ ಕಂಬಿ ಹಿಡಿದುಕೊಂಡು, ಎಲ್ಲರಿಗೂ ಕೇಳುವಂತೆ ಅಂದಳು: "ಬಾ. ದಾರಿ ಕಾಯಕೋಂತ ಕುಂದರತೀನಿ. ದಸರಾ ತನಕಾ ತಡಕೊಳ್ಳಾಕ ಆಗೂದಿಲ್ಲ ನನಗ."

"ಅಯ್ಯ ನೀಲವ್ವ, ಹಿಂಗ ಬಾಯಿಬಿಟ್ಟು!" ತುಂಗವ್ವ ನಾಲಿಗೆ ಕಚ್ಚಿಕೊಂಡಳು. ರಿಕ್ಷಾ ತಿರುಗಿತು, ಶಾಂತವ್ವ ಕಣ್ಣೊರೆಸಿಕೊಳ್ಳುತ್ತ ನಗುತ್ತಿದ್ದಳು.

"ಇಂಗ್ಲಿಷಿನಲ್ಲಿ ಹೇಳಬಹುದಿತ್ತಲ್ಲ, ಅಜ್ಜಿ?" ನಾನು ಪಿಸುಗುಟ್ಟಿದೆ.

"ಇಂಗ್ಲೀಷ್ ದೃಷ್ಟಿಗೆ ಬರೂದಿಲ್ಲ, ಖರೆ. ನನ್ನ ಮಗಳಿಗೂ ಬರೂದಿಲ್ಲಲ್ಲ, ಹುಚ್ಚೀ."

ದಸರೆಗೆ ಶಾಂತವ್ವ ಬಂದಳು. ಅಜ್ಜಿಯೂ ಇದ್ದಳು.

ಇಷ್ಟು ಹೇಳಿ ಫೋನು ನೋಡಿದರೆ, ಉತ್ತರವೆಂದು ನಾನು ಆಗಲೇ ಬರೆದು ಕಳಿಸದೆ ಬಿಟ್ಟಿದ್ದ ಮಾತು: 'ನೋಡೋಣ.' ಎಷ್ಟು ವರ್ಷದಿಂದ ಆ ಹುಡುಗಿಗೆ ಇದನ್ನೇ ಕಳಿಸುತ್ತಿದ್ದೇನೋ! ಅಳಿಸಿದೆ. ಅವಳಿಗೆ ಕನ್ನಡ ಓದಲು ಸರಾಗವಾಗಿ ಬರುವುದಿಲ್ಲ, ಕೇಳಿದರೆ ತಿಳಿಯುತ್ತದೆ. ಮೈಕಿನ ಗುರುತು ಒತ್ತಿ ಹಿಡಿದು, "ಬಾ ಮಗಳೇ, ದಾರಿ ಕಾಯ್ತಾ ಕೂತಿರ್ತೀನಿ. ಅಲ್ಲೀತನಕ ತಡೆದುಕೊಳ್ಳೋಕೆ ಆಗಲ್ಲ ನನಗೆ" ಎಂದೆ. ಕೈಗಳು ಮತ್ತೆ ಕಿವಿಯ ಕಡೆ ಹೊರಟವು. ಹಿಡಿದು ಮಡಿಲಲ್ಲಿ ಕೂರಿಸಿಕೊಂಡೆ. ಬೇಳೆ ಉಕ್ಕಿ ಒಲೆಯ ಮೇಲೆಲ್ಲ ಹರಿಯುತ್ತಿತ್ತು.