ಗೌರಿಗೆ ಹೋದ ಸಕ್ಕರೆ ಮೀನು

ಮುಂಬೈಯಲ್ಲಿ ಸಕ್ಕರೆ ಪಾಕಕ್ಕೂ ಜ್ವರ ನೋಡುತ್ತಾರೆ. ಉತ್ಪ್ರೇಕ್ಷೆಯಲ್ಲ, ಕಣ್ಣಾರೆ ಕಂಡಿದ್ದೇನೆ. ಘಾಟ್ಕೋಪರ್‌ನ ಹಳೆಯ ಪೆಪ್ಪರಮೆಂಟು ಅಂಗಡಿಯೊಂದರಲ್ಲಿ, ಕುದಿಯುವ ಕಡಾಯಿಗೆ ಮೊಳದುದ್ದದ ಥರ್ಮಾಮೀಟರ್ ಇಳಿಬಿಟ್ಟು, ಮೂಗಿನ ತುದಿಗೆ ಕನ್ನಡಕ ಜಾರಿಸಿಕೊಂಡು ಒಬ್ಬ ಹಿರಿಯರು ಅದನ್ನೇ ನೋಡುತ್ತ ನಿಂತಿದ್ದರು. ಪಕ್ಕದಲ್ಲಿದ್ದ ನನ್ನ ಅತ್ತೆ ಇಡೀ ಅಂಗಡಿಗೆ ಕೇಳುವಂತೆ, "ಪಾಕಕ್ಕ ಏನಾಗೇತಿ? ಆರಾಮಿಲ್ಲೇನು?" ಎಂದರು. ಅಲ್ಲಿ ಕನ್ನಡ ಬರುವವರು ನಮ್ಮ ಮನೆಯವರೇ ನಾಲ್ವರು, ಹಾಗಾಗಿ ಮಾನ ಉಳಿಯಿತು.

ಗುಳೇದಗುಡ್ಡ ಬಿಟ್ಟು ನಾನು ಇಲ್ಲಿಗೆ ಬಂದು ಆರು ವರ್ಷವಾಯಿತು. ಗಂಡನಿಗೆ ವಿಕ್ರೋಳಿಯ ಕಾರ್ಖಾನೆಯಲ್ಲಿ ಕೆಲಸ. ಮನೆ ಘಾಟ್ಕೋಪರ್‌ನ ಒಂದು ಸೊಸೈಟಿಯ ಆರನೆಯ ಮಹಡಿಯಲ್ಲಿ. ಸೊಸೈಟಿ ಅಂದರೆ ನಮ್ಮ ಕಡೆಯ ಹಾಗೆ ಸಾಲ ಕೊಡುವ ಸಂಘವಲ್ಲ, ಜನ ವಾಸಿಸುವ ಬಿಲ್ಡಿಂಗು. ಊರಿನಲ್ಲಿ ಹಗಲು ಹೊತ್ತು ಬಾಗಿಲು ಮುಚ್ಚಿದ್ದರೆ ಓಣಿಯವರು "ಯಾಕ, ಏನಾತು?" ಎಂದು ಓಡಿಬರುತ್ತಾರೆ. ಇಲ್ಲಿ ಬಾಗಿಲು ತೆರೆದಿದ್ದರೆ ಬರುತ್ತಾರೆ. ಒಂಬತ್ತು ವರ್ಷದ ಮಗಳು ಪಲ್ಲವಿ ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಹಿಂದಿಯಲ್ಲಿ ಉತ್ತರ ಕೊಡುತ್ತಾಳೆ. ಹೀಗಾಗಿ ಎಷ್ಟೋ ದಿನ ನನ್ನ ಮಾತು ಕುಕ್ಕರಿನ ಜೊತೆಗೇ.

ದಸರೆ ಮುಗಿಸಿ ಅತ್ತೆ ಬಂದರು, ಮನೆ ತುಂಬಿತು. ಅತ್ತೆ ಯಾವಾಗ ಊರಿಗೆ ಹೋಗುತ್ತಾಳೋ ಎಂದು ಹರಕೆ ಹೊರುವ ಸೊಸೆಯರನ್ನು ನೀವು ಕಂಡಿರಬಹುದು. ಇವರು ಹೋಗದಿರಲಿ ಎಂದು ಹೊತ್ತವಳು ನಾನೊಬ್ಬಳೇ ಇರಬೇಕು. ಆರು ವರ್ಷದಲ್ಲಿ ನಾನು ಹೆಸರು ಕೂಡ ಕೇಳದ ಬಿಹಾರಿ ವಾಚ್‌ಮನ್‌ಗೆ ಅವರು ಮೂರು ವಾರದಲ್ಲಿ "ಊಟ ಆತ್ರೀ" ಎನ್ನುವುದನ್ನು ಕಲಿಸಿದ್ದರು. ಆದರೂ ಮುಂಬೈ ಅವರಿಗೆ ಒಗ್ಗಲಿಲ್ಲ. ಲೋಕಲ್ ಟ್ರೇನಿನಲ್ಲಿ ಮೀನಿನ ಬುಟ್ಟಿಯ ಹೆಂಗಸು ಹತ್ತಿದ್ದೇ ತಡ, ಇವರು ಸೆರಗು ಮೂಗಿಗೆ ಒತ್ತಿಕೊಂಡು ಇಳಿದೇಬಿಟ್ಟರು. ಹಿಂದೆಯೇ ನಾವೂ ಇಳಿದೆವು. "ಇಲ್ಲಿ ನನ್ನ ಕೈಗೆ ಏನ್ ಕೆಲಸೈತಿ? ಮಿಕ್ಸರ್ ರುಬ್ಬತೈತಿ, ಮಷೀನ್ ಒಗೀತೈತಿ" ಎನ್ನುವುದು ಅವರ ದಿನದ ಹಾಡು. ಮಂಗಳವಾರಕ್ಕೆ ಟಿಕೆಟ್ ಮಾಡಿಸಿಯಾಗಿತ್ತು. ನನಗೆ ಉಳಿದಿದ್ದುದು ಒಂದು ಭಾನುವಾರ. ದೀಪಾವಳಿ ರಜೆಯಲ್ಲಿ ಮಕ್ಕಳಿಗೆಂದು ಪೆಪ್ಪರಮೆಂಟು ಮಾಡಿ ತೋರಿಸುತ್ತಾರೆಂಬ ಬೋರ್ಡು ಕಂಡಿದ್ದೆ. ಸಕ್ಕರೆ ಕಂಡರಾದರೂ ಅತ್ತೆಯ ಮನಸ್ಸು ಇಲ್ಲಿ ಅಂಟೀತು ಎಂಬ ಆಸೆಯಿಂದ ಎಲ್ಲರನ್ನೂ ಹೊರಡಿಸಿದೆ.

ಆಸೆಗೆ ಕಾರಣವಿತ್ತು. ನಮ್ಮ ಕಡೆ ಗೌರಿ ಹುಣ್ಣಿಮೆಗೆ ಸಕ್ಕರೆ ಆರತಿ ಮಾಡುತ್ತಾರೆ. ಪಾಕವನ್ನು ಕಟ್ಟಿಗೆಯ ಅಚ್ಚಿಗೆ ಹೊಯ್ದು ಆನೆ, ಒಂಟೆ, ಬಸವಣ್ಣ ಎಬ್ಬಿಸಿ, ಹೆಣ್ಣುಮಕ್ಕಳು ತಟ್ಟೆಯಲ್ಲಿಟ್ಟು ಗೌರಿಗೆ ಬೆಳಗುತ್ತಾರೆ. ಓಣಿಯಲ್ಲಿ ಯಾರ ಮನೆಯ ಒಲೆ ಹೊತ್ತಿದರೂ ಪಾಕ ನೋಡಲು ಕರೆಯುವುದು ಅತ್ತೆಯನ್ನೇ. ಅವರ ಶಾಸ್ತ್ರ ಒಂದೇ: ಕೆಳಗಿಳಿಸಿದ ಪಾಕವನ್ನು ಬಿಡದೆ ತಿರುವಬೇಕು. ಕೈ ನಿಂತರೆ ಆನೆಗೆ ಸೊಂಡಿಲು ಇರುವುದಿಲ್ಲ.

ಅಂಗಡಿಯ ಹಿರಿಯರನ್ನು ಎಲ್ಲರೂ ಕಾಕಾ ಎನ್ನುತ್ತಿದ್ದರು. ಮೊದಲ ಸುತ್ತಿನಲ್ಲಿ ಅವರು ಗಾಜಿನಂಥ ಪಾಕವನ್ನು ಎಣ್ಣೆ ಸವರಿದ ಕಲ್ಲಿನ ಮೇಲೆ ಸುರಿದು, ಮಡಚಿ, ಗೋಡೆಯ ಕೊಕ್ಕೆಗೆ ಹಾಕಿ ಎಳೆದೆಳೆದು, ಕತ್ತರಿಯಿಂದ ಚಕಚಕನೆ ಕತ್ತರಿಸಿದರು. ಮಕ್ಕಳು ಚಪ್ಪಾಳೆ ತಟ್ಟಿದರು. ಅತ್ತೆ ಮಾತ್ರ, "ಆಕಳಿಗೆ ಹಗ್ಗ ಹೊಸದಂಗ ಹೊಸೀತಾನ" ಎಂದರು. ಎರಡನೆಯ ಕಡಾಯಿಯನ್ನು ಕೆಳಗಿಳಿಸಿ ಕಾಕಾ ನಿಂಬೆರಸ ತರಲು ಒಳಗೆ ಹೋದರು.

ಇಳಿಸಿದ ಪಾಕ ಸುಮ್ಮನೆ ಕೂತಿದೆ. ತಿರುವುವವರಿಲ್ಲ. ಅತ್ತೆ ಒಮ್ಮೆ ನನ್ನ ಮುಖ ನೋಡಿದರು, ಒಮ್ಮೆ ಕಡಾಯಿ ನೋಡಿದರು. "ಅಯ್ಯ, ಕೆಟ್ಟ ಹೊಕ್ಕೈತಲ್ಲ!" ಎಂದವರೇ ಸಕ್ಕರೆ ಡಬ್ಬಿಯಲ್ಲಿದ್ದ ಮರದ ಸೌಟನ್ನು, ಅಂಟಿದ ಸಕ್ಕರೆ ಸಮೇತ ಎತ್ತಿಕೊಂಡು ತಿರುವತೊಡಗಿದರು. ನಾನು ಸೆರಗು ಹಿಡಿದು ಎಳೆದೆ. ಸೆರಗು ಬಂತು, ಅತ್ತೆ ಬರಲಿಲ್ಲ.

"ಆಜೀ, ಹಲವೂ ನಕಾ! ಹಲವೂ ನಕಾ!" ಎಂದು ಕಾಕಾ ಒಳಗಿನಿಂದ ಓಡಿಬಂದರು. ಕಲಕಬೇಡಿ ಎಂದು ಮರಾಠಿಯಲ್ಲಿ ಹೇಳುತ್ತಿದ್ದರು. ಅಷ್ಟರಲ್ಲಿ ಗಾಜಿನಂತಿದ್ದ ಪಾಕ ಬೆಳ್ಳಗಾಗಿ, ಮರಳಾಗಿ, ಸೌಟು ಅದರಲ್ಲಿ ನೆಟ್ಟಗೆ ನಿಂತಿತ್ತು. ಊರಿನಲ್ಲಿ ಗೊಂಬೆ ಎಬ್ಬಿಸುವ ವಿದ್ಯೆಯೇ ಇಲ್ಲಿ ಪೆಪ್ಪರಮೆಂಟಿನ ಪ್ರಾಣ ತೆಗೆದಿತ್ತು. ಮುಂದಿನ ಸಾಲಿನ ಮಗುವೊಂದು ಗೋಳೋ ಎಂದು ಅಳತೊಡಗಿತು. ನನ್ನ ಗಂಡ ಯಾರ ಮಗನೂ ಅಲ್ಲದವರಂತೆ ಫ್ಯಾನಿನ ರೆಕ್ಕೆ ಎಣಿಸುತ್ತ ನಿಂತರು.

ಅತ್ತೆಗೆ ಮರಾಠಿ ಬಾರದು, ಆದರೆ ಕೆಟ್ಟ ಪಾಕ ಗೊತ್ತಾಗುತ್ತದೆ. ಮುಖ ಇಳಿದುಹೋಯಿತು. "ನಾ ಊರಿಗೆ ಹೊಕ್ಕೀನವ್ವಾ. ಪಾಕ ನೋಡಾಕೂ ಬರದಾಕಿ ಆದ್ನಿ ಇಲ್ಲಿ" ಎಂದು ಕಣ್ಣಿಗೆ ಸೆರಗು ಹಚ್ಚಿದರು. ಉಳಿಸಿಕೊಳ್ಳಲು ಕರೆತಂದು ನಾನೇ ಅವರನ್ನು ಓಡಿಸಿದ ಹಾಗಾಗಿತ್ತು.

ಆಗ ಪಲ್ಲವಿ ಎದ್ದು ನಿಂತಳು. ಸ್ಕೂಲಿನ ಗೇಟಿನಲ್ಲಿ ಅಜ್ಜಿಯ ಜೊತೆ ಮಾತಾಡಲೂ ನಾಚುವ ಹುಡುಗಿ ಎಲ್ಲರಿಗೂ ಕೇಳುವಂತೆ, "ಮೇರಿ ಅಜ್ಜಿ ಶಕ್ಕರ್ ಕಾ ಹಾಥೀ ಬನಾತೀ ಹೈ!" ಎಂದಳು. ನಮ್ಮಜ್ಜಿ ಸಕ್ಕರೆಯಲ್ಲಿ ಆನೆ ಮಾಡುತ್ತಾಳೆ ಎಂದು. ಆಮೇಲೆ ಅಜ್ಜಿಯ ಕೈ ಹಿಡಿದು, ಒಂದೊಂದೇ ಮಾತು ಹುಡುಕಿ, "ಅಜ್ಜಿ, ಅಳು ಮಾಡಬ್ಯಾಡ. ಆನಿ ಮಾಡು" ಎಂದಳು.

ಕಾಕಾ ಚಿಟಿಕೆ ಮರಳನ್ನು ಬಾಯಿಗೆ ಹಾಕಿಕೊಂಡರು. ಸಿಟ್ಟು ಅರ್ಧಕ್ಕೇ ನಿಂತಿತು. "ಅಹೋ, ಹೀ ತರ್ ಗಾಠೀ!" ಇದು ಗಾಠಿಯೇ ಅಲ್ಲವೇ ಎಂದು. ಇಲ್ಲಿಯವರು ಯುಗಾದಿಯ ದಿನ ಮನೆ ಮುಂದೆ ಏರಿಸುವ ಗುಡಿ ಎಂಬ ಕೋಲಿಗೆ ಕಟ್ಟುವ ಸಕ್ಕರೆಯ ಹಾರವೇ ಗಾಠಿ. ಅವರ ತಾಯಿಯೂ ಹೀಗೆಯೇ ತಿರುವಿ ಮಾಡುತ್ತಿದ್ದರಂತೆ. ನಾನು ತರ್ಜುಮೆ ಮಾಡಿ ಹೇಳಿದೊಡನೆ ಅತ್ತೆಯ ಸೆರಗು ಕಣ್ಣಿನಿಂದ ಸೊಂಟಕ್ಕೆ ಇಳಿಯಿತು.

ನೀರು ಬೆರೆಸಿ ಕಡಾಯಿಯನ್ನು ಮತ್ತೆ ಒಲೆಗೇರಿಸಿದರು. ಕಾಕಾ ಥರ್ಮಾಮೀಟರ್ ತಂದರೆ, "ಆ ಕಡ್ಡಿ ತಗೀರಿ ಆಕಡೆ" ಎಂದು ಅತ್ತೆ ಬೆರಳಲ್ಲೇ ಎಳೆ ನೋಡಿದರು. ಇನ್ನು ಅಚ್ಚು ಬೇಕು. ಕಾಕಾ ಹುಡುಕಿ ತಂದ ತಗಡಿನ ಅಚ್ಚುಗಳಲ್ಲಿ ಆನೆಯಿಲ್ಲ, ಬಸವಣ್ಣನಿಲ್ಲ. ಎಲ್ಲವೂ ಮೀನು! ನನಗೆ ಲೋಕಲ್ ಟ್ರೇನಿನ ಮೀನಿನ ಬುಟ್ಟಿ ನೆನಪಾಯಿತು. ಅತ್ತೆ ಅಚ್ಚನ್ನು ತಿರುಗಿಸಿ ಮುರುಗಿಸಿ ನೋಡಿ, "ನಾತಂತೂ ಇಲ್ಲ" ಎಂದು ನೀರಲ್ಲದ್ದಿ, ಬಿಡದೆ ತಿರುವಿದ ಪಾಕ ಹೊಯ್ದೇಬಿಟ್ಟರು. ಅಳುತ್ತಿದ್ದ ಮಗುವಿಗೆ ಮೊದಲನೆಯ ಮೀನು ಸಿಕ್ಕಿತು. ಹೊರಡುವಾಗ ಕಾಕಾ ನಮಗೂ ಎರಡು ಕಟ್ಟಿಕೊಟ್ಟು, ಯುಗಾದಿಗೆ ಗಾಠಿ ಮಾಡಲು ಆಜಿಯನ್ನು ಕಳಿಸಬೇಕೆಂದು ನನ್ನ ಗಂಡನಿಗೆ ಹೇಳಿದರು. ಅವರು ಆಗ ಮತ್ತೆ ಮಗನಾದರು.

ಇಷ್ಟೆಲ್ಲ ಆದಮೇಲೆ ಅತ್ತೆ ಉಳಿದರು ಎಂದು ಬರೆಯುವ ಆಸೆ ನನಗೂ ಇದೆ. ಮಂಗಳವಾರ ಅವರು ಹೋದರು. ಓಣಿಯ ಪಾಕಗಳು ಕಾಯುತ್ತಿದ್ದವು. ಟ್ರೇನು ಹೋದಮೇಲೆ ಪ್ಲಾಟ್‌ಫಾರ್ಮಿನಲ್ಲಿ ನಾನು ಅತ್ತುಬಿಟ್ಟೆ, ವಾಚ್‌ಮನ್ ಗೇಟಿನಲ್ಲಿ "ಅಜ್ಜಿ ಹೋದ್ರೀ?" ಎಂದಾಗ ಮತ್ತೊಮ್ಮೆ ಅತ್ತೆ.

ಹುಣ್ಣಿಮೆಯ ಸಂಜೆ ಫೋನ್ ಬಂತು. ಗೌರಿಯ ಮುಂದೆ ಆನೆ ಒಂಟೆಗಳ ನಡುವೆ ಒಂದು ಮೀನೂ ನಿಂತಿತ್ತಂತೆ. ಓಣಿಯವರೆಲ್ಲ, ಇದೇನವ್ವಾ, ಮುಂಬೈಗೆ ಹೋಗಿ ಕೆಟ್ಟಿ ಎಂದು ನಕ್ಕರಂತೆ. "ನಗಲಿ ಬಿಡು. ನಾ ಮಾಡಿದ್ದದು" ಎಂದರು ಅತ್ತೆ. ಪಲ್ಲವಿ ಫೋನ್ ಕಸಿದುಕೊಂಡು, "ಅಜ್ಜಿ, ಯಾವಾಗ ಬರ್ತಿ?" ಎಂದು ಕೇಳಿದಳು, ಕನ್ನಡದಲ್ಲಿ.

"ಅಲ್ಲೊಂದು ಮೀನೈತಲ್ಲ, ಅದಕ್ಕ ಇರುವಿ ಮುತ್ತೂದ್ರೊಳಗ ಬರ್ತೀನಿ."

ಕಾಕಾ ಕೊಟ್ಟ ಎರಡರಲ್ಲಿ ಇಲ್ಲಿ ಉಳಿದ ಆ ಮೀನು ನಮ್ಮ ದೇವರ ಗೂಡಿನಲ್ಲಿದೆ. ಆರನೆಯ ಮಹಡಿಗೂ ಇರುವೆಗಳು ಬರುತ್ತವೆ. ನಾನು ದಿನಾ ಬೆಳಿಗ್ಗೆ ಅದರ ಸುತ್ತ ಅರಿಶಿನದ ಗೆರೆ ಎಳೆಯುತ್ತೇನೆ. ಎಳೆದು, ತುದಿಯಲ್ಲಿ ಒಂದು ಇರುವೆ ಹಿಡಿಸುವಷ್ಟು ಜಾಗ ಬಿಟ್ಟಿರುತ್ತೇನೆ.