ಊದಬ್ಯಾಡ್ರಿ ಕಾಕು, ಎಳೀರಿ!

ಕಳೆದ ವಾರ ಡಾಕ್ಟರು ದಮ್ಮಿಗೆಂದು ನನಗೂ ಔಷಧ ಎಳೆಯುವ ಆ ಪ್ಲಾಸ್ಟಿಕ್ ಯಂತ್ರ ಬರೆದುಕೊಟ್ಟರು. ಒಳಗೆ ಕ್ಯಾಪ್ಸೂಲ್ ಹಾಕಿ, ತಿರುಗಿಸಿ, ಬಾಯಿಗಿಟ್ಟು ಉಸಿರೆಳೆದೆ. ಗುರ್ರ್... ಎಂದಿತು. ಆ ಸದ್ದು ಕೇಳಿದ್ದೇ ತಡ, ಮಣಿಕೊಂಡದ ಕಾಕು ಎದುರಿಗೆ ಬಂದು ನಿಂತಂತಾಯಿತು!

ತೆಲುಗು ಸೀಮೆಯ ಮಾದಾಪುರದಲ್ಲಿ ಐ.ಟಿ. ಕಂಪನಿಗಳ ಗಾಜಿನ ಕಟ್ಟಡಗಳು ನೋಡನೋಡುತ್ತ ಏಳುತ್ತಿದ್ದ ಕಾಲ. ಧಾರವಾಡ ಕಡೆಯ ನಾಲ್ವರು ಹುಡುಗರು ನಾವು, ಹೊಸ ಕೆಲಸ, ಹೊಸ ಉಮೇದು. ಹತ್ತಿರದ ಮಣಿಕೊಂಡದಲ್ಲಿ ನಾವಿದ್ದ ಕಟ್ಟಡ ಕಾಯುತ್ತಿದ್ದವರು ಕಲಬುರಗಿಯ ಗಂಡ ಹೆಂಡತಿ. ಹೆಂಡತಿಯನ್ನು ನಮ್ಮ ಕಡೆ ಚಿಕ್ಕಮ್ಮನನ್ನು ಕರೆಯುವಂತೆ ಕಾಕು ಎನ್ನುತ್ತಿದ್ದೆವು, ನಮ್ಮ ಅಡುಗೆಯೂ ಅವರದೇ. ರೊಟ್ಟಿ ಬಡಿದಾದ ಮೇಲೆ ಅಂಗಳದಲ್ಲಿ ನಿಂತು "ಊಟಕ್ಕ ಬರ್ರಿ!" ಎಂದು ಕೂಗು ಹಾಕಿದರೆ ಮೂರನೇ ಮಹಡಿಯ ಕಿಟಕಿ ಅಲುಗಬೇಕು. ಆ ಕೂಗಿನ ಮೇಲೆ ಅವರಿಗೆ ಭಾರೀ ಹೆಮ್ಮೆ.

ಸುತ್ತಲಿನ ಸಿಮೆಂಟ್ ಧೂಳಿಗೆ ಕಾಕುವಿಗೆ ದಮ್ಮು ಶುರುವಾಯಿತು. ಕೂಗು ಮೊದಲು ಸಣ್ಣಗಾಯಿತು, ಆಮೇಲೆ ನಿಂತೇಹೋಯಿತು. ಔಷಧ ತಪ್ಪಿಸುತ್ತಿರಲಿಲ್ಲ, ಆದರೂ ಗುಣ ಕಾಣಲಿಲ್ಲ.

"ಉಸರ ಹಿಂಗಾದ್ರ ಊರಿಗಿ ಹೋಗಿ ಮೂಲ್ಯಾಗ ಕುಂದರೂದೇ ತಮ್ಮಾ," ಎಂದು ಕಣ್ಣು ತುಂಬಿಕೊಂಡಿದ್ದರು.

ಒಂದು ಬೆಳಿಗ್ಗೆ ನೋಡುತ್ತೇನೆ... ಕಾಕು ಆ ಕ್ಯಾಪ್ಸೂಲನ್ನು ಮಜ್ಜಿಗೆಯ ಜೊತೆ ನುಂಗುತ್ತಿದ್ದಾರೆ! ಅದನ್ನು ಹಾಕಿ ಎಳೆಯಬೇಕಾದ ಯಂತ್ರ ಟಿ.ವಿ. ಮೇಲೆ ಗೊಂಬೆಯ ಪಕ್ಕ ಅಲಂಕಾರಕ್ಕೆ ಕೂತಿದೆ. ಕೇಳಿದರೆ, "ಹೊಟ್ಟಿಗಿ ಹೋಗಲಾರದ್ದು ಎಂಥಾ ಔಷಧೋ?" ಎಂದು ನನ್ನನ್ನೇ ಗದರಿದರು.

ಯಂತ್ರಕ್ಕೆ ಕ್ಯಾಪ್ಸೂಲ್ ಹಾಕಿ ಕೈಗೆ ಕೊಟ್ಟೆ. ಬುದ್ಧಿ ಬಂದಾಗಿನಿಂದ ಒಲೆಯ ಊದುಗೊಳವೆ ಊದಿದ ಬಾಯಿ ಅದು. ಬುಸ್ಸೆಂದು ಊದಿಯೇಬಿಟ್ಟರು! ಪುಡಿಯೆಲ್ಲ ನನ್ನ ಇಸ್ತ್ರಿ ಅಂಗಿಯ ಮೇಲೆ.

"ಊದಬ್ಯಾಡ್ರಿ ಕಾಕು, ಎಳೀರಿ!" ಕ್ರಿಕೆಟ್ ಮ್ಯಾಚಿನ ಕೊನೇ ಓವರಿನ ಹಾಗೆ ನಾಲ್ವರೂ ಕಿರುಚಿದೆವು. ಹೊರಗೆ ಆಫೀಸಿನ ಕ್ಯಾಬ್ ಹಾರ್ನ್ ಹೊಡೆಯುತ್ತಿತ್ತು, ಹೊಡೆಯಲಿ! ಇನ್ನೊಂದು ಕ್ಯಾಪ್ಸೂಲ್. ಉಸಿರು ಪೂರ್ತಿ ಹೊರಗೆ ಬಿಟ್ಟು, ತುಟಿ ಬಿಗಿದು... ಗುರ್ರ್! "ಹಿಡೀರಿ, ಉಸಿರು ಬಿಡಬ್ಯಾಡ್ರಿ!" ಏನೋ ಹೇಳಲು ಹೊರಟ ಕಾಕು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡರು. ಕಣ್ಣಲ್ಲೇ ನಗುತ್ತಿದ್ದರು.

ಕೆಲವು ವಾರ ಕಳೆದಿರಬೇಕು. ಭಾನುವಾರ, ನಾವಿನ್ನೂ ಹಾಸಿಗೆಯಲ್ಲೇ ಹೊರಳಾಡುತ್ತಿದ್ದೆವು. ಕೆಳಗಿನಿಂದ ಬಂತು ನೋಡಿ, "ಊಟಕ್ಕ ಬರ್ರಿ!" ಮೆಟ್ಟಿಲು ಹೇಗಿಳಿದೆವೋ ಗೊತ್ತಿಲ್ಲ! ಕೆಲಸ ಸಿಕ್ಕ ದಿನವೂ ನನಗೆ ಅಷ್ಟು ಖುಷಿಯಾಗಿರಲಿಲ್ಲ.

ಕಾಕು ಈಗಿಲ್ಲ... ಆ ಕಟ್ಟಡವನ್ನೂ ಕೆಡವಿ ಎತ್ತರದ್ದೊಂದು ಕಟ್ಟಿದ್ದಾರೆ. ಕಳೆದ ವಾರ ಯಂತ್ರದಿಂದ ಎಳೆದ ಉಸಿರನ್ನು ಹಿಡಿದು ಕೂತಿದ್ದಾಗ ನನ್ನ ಕಿವಿ ತಾನಾಗಿ ಈಗಿನ ಮನೆಯ ಕೆಳಗಿನ ಅಂಗಳದತ್ತ ಹೋಯಿತು. ಉಸಿರು ಬಿಟ್ಟೆ. ಯಾರೂ ಕರೆಯಲಿಲ್ಲ. ಎದ್ದು, ತಟ್ಟೆಗೆ ನಾನೇ ಬಡಿಸಿಕೊಂಡೆ.